ಹಾಕಿ ತಂಡವನ್ನು ಬುಡಮೇಲು ಮಾಡುವುದು ಬೇಡ

ಮಾನ್ಯ ಸಂಪಾದಕರೇ,

ಭಾರತ ಹಾಕಿಯಲ್ಲಿ ಎರಡು ಪಂದ್ಯ ಸೋತರೆ ಸಾಕು, ನಮ್ಮ ಬದಿಯಡ್ಕ ಪೇಟೆಯ ಚಹಾದಂಗಡಿಯಲ್ಲೂ ಅದೇ ಮಾತು. ಹಳಬರನ್ನೆಲ್ಲ ತೆಗೆದು ಹೊಸ ಹುಡುಗರನ್ನು ಹಾಕಬೇಕಂತೆ. ಸುಮ್ನೆ ಹೇಳುವುದು ಮಾರಾಯ್ರೇ, ಹಿಂದೆ ನಡೆದದ್ದನ್ನು ಯಾರೂ ನೋಡುವುದಿಲ್ಲ.

2023ರ ಜನವರಿ ನೆನಪಿದೆಯಲ್ಲ? ಒಡಿಶಾದಲ್ಲಿ ವಿಶ್ವಕಪ್. ನ್ಯೂಜಿಲೆಂಡ್ ಎದುರು 3-1ರಲ್ಲಿ ಮುಂದಿದ್ದ ನಮ್ಮವರು ಶೂಟೌಟ್‌ನಲ್ಲಿ ಸೋತು ಕ್ವಾರ್ಟರ್ ಫೈನಲ್ ಮುಖವನ್ನೂ ನೋಡಲಿಲ್ಲ. ಆಮೇಲೆ ಕೋಚ್ ಗ್ರಹಾಂ ರೀಡ್ ಹೋದರು, ಆಟಗಾರರು ಹೆಚ್ಚಿನವರು ಉಳಿದರು. ಹೊಸ ಕೋಚ್ ಕ್ರೇಗ್ ಫುಲ್ಟನ್ ಮೊದಲು ಡಿಫೆನ್ಸ್ ಗಟ್ಟಿ ಮಾಡಿದರು. ಅದೇ ವರ್ಷ ಹಾಂಗ್‌ಝೌ ಏಷ್ಯನ್ ಗೇಮ್ಸ್ ಫೈನಲ್‌ನಲ್ಲಿ ಜಪಾನ್ ಎದುರು 5-1ರ ಗೆಲುವು, ಚಿನ್ನ. 2024ರ ಪ್ಯಾರಿಸ್ ಒಲಿಂಪಿಕ್ಸ್‌ಗೆ ಹೋದ 16 ಮಂದಿಯಲ್ಲಿ 11 ಜನ ಹಿಂದಿನ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಆಡಿದವರೇ.

ಪ್ಯಾರಿಸ್‌ನ ಕ್ವಾರ್ಟರ್ ಫೈನಲ್ ಒಂದೇ ಸಾಕು. 17ನೇ ನಿಮಿಷಕ್ಕೆ ಅಮಿತ್ ರೋಹಿದಾಸ್‌ಗೆ ರೆಡ್ ಕಾರ್ಡ್, ಉಳಿದ ನಲವತ್ತಕ್ಕೂ ಜಾಸ್ತಿ ನಿಮಿಷ ಹತ್ತೇ ಜನ. ಮಿಡ್‌ಫೀಲ್ಡ್‌ನ ಮನ್‌ಪ್ರೀತ್ ಹಿಂದೆ ಬಂದು ಡಿಫೆನ್ಸ್‌ನಲ್ಲಿ ನಿಂತರು, ಬ್ರಿಟನ್ ಮೇಲಿಂದ ಮೇಲೆ ನುಗ್ಗುತ್ತಲೇ ಇತ್ತು, ಪಂದ್ಯ 1-1ರಲ್ಲಿ ನಿಂತು ಶೂಟೌಟ್‌ನಲ್ಲಿ 4-2ಕ್ಕೆ ಗೆದ್ದೆವು. ಯಾರು ಎಲ್ಲಿ ನಿಲ್ಲಬೇಕು ಎಂದು ಕೇಳದೆಯೇ ಗೊತ್ತಾಗಲು ವರ್ಷಗಟ್ಟಲೆ ಒಟ್ಟಿಗೆ ಆಡಿರಬೇಕು, ಅಲ್ವಾ? ಆ ಕಾರ್ಡ್‌ನಿಂದಾಗಿ ಜರ್ಮನಿ ಎದುರಿನ ಸೆಮಿಫೈನಲ್‌ಗೆ ಅದೇ ರೋಹಿದಾಸ್ ಇರಲಿಲ್ಲ, ಸೋತೆವು. ಎದುರಾಳಿಗೆ ಪೆನಾಲ್ಟಿ ಕಾರ್ನರ್ (ಗೋಲ್ ಸಾಲಿನಿಂದ ತಳ್ಳಿದ ಚೆಂಡನ್ನು ಗೋಲಿಗೆ ಹೊಡೆಯುವ ಅವಕಾಶ) ಸಿಕ್ಕಾಗ ಮೊದಲು ಓಡಿ ಅಡ್ಡ ಬೀಳುವವರು ಅವರು. ಜರ್ಮನಿಯ ಮೊದಲ ಗೋಲು ಬಂದದ್ದು ಪೆನಾಲ್ಟಿ ಕಾರ್ನರ್‌ನಲ್ಲೇ.

2025ರ ಜೂನ್‌ನಲ್ಲಿ ದೇಶ ದೇಶಗಳ ತಂಡಗಳು ಆಡುವ ಪ್ರೊ ಲೀಗ್‌ನಲ್ಲಿ ಸಾಲಾಗಿ ಏಳು ಸೋಲು. ಬೈದವರು ಸ್ಕೋರ್ ನೋಡಿದ್ದಾರೋ ಇಲ್ಲವೋ, ಅದರಲ್ಲಿ ಆರು ಒಂದೇ ಗೋಲಿನ ಸೋಲು. ನೆದರ್ಲೆಂಡ್ಸ್ ಎದುರಿನ ಎರಡೂ ಪಂದ್ಯ ಕೈ ತಪ್ಪಿದ್ದು ಕೊನೇ ಗಳಿಗೆಯಲ್ಲಿ. ಸೆಪ್ಟೆಂಬರ್‌ನಲ್ಲಿ ಬಿಹಾರದ ರಾಜ್‌ಗಿರ್‌ನಲ್ಲಿ ಕೊರಿಯಾವನ್ನು 4-1ರಿಂದ ಸೋಲಿಸಿ ಏಷ್ಯಾ ಕಪ್ಪನ್ನೂ ವಿಶ್ವಕಪ್ ಟಿಕೆಟ್ಟನ್ನೂ ತಂದದ್ದು ಹೆಚ್ಚುಕಡಿಮೆ ಅದೇ ತಂಡ.

ತೊಂದರೆ ಇಲ್ಲ ಎಂದಲ್ಲ. ಪ್ಯಾರಿಸ್‌ನಲ್ಲಿ ನಮ್ಮ 15 ಗೋಲುಗಳಲ್ಲಿ 10 ಹರ್ಮನ್‌ಪ್ರೀತ್ ಒಬ್ಬರದೇ. ಪೆನಾಲ್ಟಿ ಕಾರ್ನರ್‌ನಲ್ಲಿ ಚೆಂಡನ್ನು ಎಳೆದು ಗೋಲಿಗೆ ಚಿಮ್ಮಿಸುವ ಅವರ ಡ್ರ್ಯಾಗ್ ಫ್ಲಿಕ್ ಕೈಕೊಟ್ಟ ದಿನ ಏನು ಮಾಡುವುದು? ಇನ್ನೊಬ್ಬ ಫ್ಲಿಕ್ಕರ್ ತಯಾರಾಗಬೇಕು, ಫಾರ್ವರ್ಡ್‌ಗಳು ಗೋಲಿನ ಮುಂದಿನ ಸರ್ಕಲ್ ಒಳಗೆ ಚೆಂಡು ಸಿಕ್ಕಾಗ ತಡಮಾಡಬಾರದು, ಕೊನೆಯ ಐದು ನಿಮಿಷ ಚೆಂಡನ್ನು ಕೈಬಿಡದೆ ಆಡುವುದನ್ನು ಕಲಿಯಬೇಕು. ಇದೆಲ್ಲ ಕ್ಯಾಂಪ್‌ನಲ್ಲಿ ಆಗುವ ಕೆಲಸ. ಶ್ರೀಜೇಶ್ ನಿವೃತ್ತಿಯಾದಾಗ ಗೋಲ್‌ಕೀಪರ್ ಬದಲಾಗಲೇಬೇಕಿತ್ತು, ಅದು ಬೇರೆ ವಿಷಯ. ಅಲ್ಲಿಯೂ ಕೃಷನ್ ಪಾಠಕ್ ಹೊಸಬರೇನಲ್ಲ, ಎಷ್ಟೋ ಕಾಲ ಅವರ ಬೆನ್ನಿಗೇ ಇದ್ದವರು.

ಹುಡುಗರು ಬರಲಿ. ಟೂರ್ನಿಗೆ ಒಬ್ಬಿಬ್ಬರಂತೆ ಬರಲಿ, ಅಭಿಷೇಕ್, ಸುಖ್‌ಜೀತ್ ಬಂದ ಹಾಗೆ.

ಕೊನೆಗೆ ನಿಮ್ಮಲ್ಲೂ ಒಂದು ಕೋರಿಕೆ. ಸೋತ ದಿನ ದೊಡ್ಡ ಹೆಡ್ಡಿಂಗ್ ಹಾಕುತ್ತೀರಿ, ಸಂತೋಷ. ಜೊತೆಗೆ ಪೆನಾಲ್ಟಿ ಕಾರ್ನರ್ ಎಷ್ಟು ಸಿಕ್ಕಿತು, ಎಷ್ಟು ಗೋಲಾಯಿತು ಎಂಬುದನ್ನೂ ಒಂದು ಸಾಲಿನಲ್ಲಿ ಹಾಕಿ. ಚಹಾದಂಗಡಿಯಲ್ಲಿ ವಾದ ಮಾಡಲು ನಮಗೂ ಏನಾದರೂ ಬೇಕಲ್ಲ.

ಇತಿ,
ಒಬ್ಬ ಓದುಗ,
ಬದಿಯಡ್ಕ, ಕಾಸರಗೋಡು