ಫೋಲಿಕ್ ಆಸಿಡ್ ಗರ್ಭ ನಿಲ್ಲುವ ಮೊದಲೇ ಸಿಗಲಿ: ಆರೋಗ್ಯ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಆರೋಗ್ಯ ಸಚಿವರೇ,

ಫೋಲಿಕ್ ಆಸಿಡ್ (ಆಹಾರದಲ್ಲಿ ಫೋಲೇಟ್ ಆಗಿ ಸಿಗುವ ಬಿ ಗುಂಪಿನ ವಿಟಮಿನ್) ಮಾತ್ರೆ ಬಹಳಷ್ಟು ಹೆಂಗಸರ ಕೈಗೆ ಸಿಗುವುದು ಗರ್ಭಿಣಿ ಎಂದು ಹೆಸರು ಬರೆಸಿದ ಮೇಲೆ. ಅಷ್ಟರಲ್ಲಿ ಅದರ ಮುಖ್ಯ ಕೆಲಸದ ಸಮಯವೇ ಮುಗಿದಿರುತ್ತದೆ. ಮಗುವಿನ ಮೆದುಳು ಮತ್ತು ಬೆನ್ನುಹುರಿಯಾಗಿ ಬೆಳೆಯುವ ನರನಾಳ, ಗರ್ಭ ನಿಂತ ಸುಮಾರು 28 ದಿನದೊಳಗೆ ಮುಚ್ಚಿಕೊಳ್ಳಬೇಕು, ಅಂದರೆ ಮುಟ್ಟು ತಪ್ಪಿ ಎರಡು ವಾರ ಆಗುವಷ್ಟರಲ್ಲಿ. ಮುಟ್ಟು ಏರುಪೇರಾಗುವವರಿಗೆ ಆಗಿನ್ನೂ ಅನುಮಾನವೂ ಬಂದಿರುವುದಿಲ್ಲ. ಅದು ಸರಿಯಾಗಿ ಮುಚ್ಚದಿದ್ದರೆ ಮಗುವಿಗೆ ಬೆನ್ನುಹುರಿ ಸರಿಯಾಗಿ ಮುಚ್ಚಿಕೊಳ್ಳದ ಸ್ಪೈನಾ ಬಿಫಿಡಾ, ಇಲ್ಲವೇ ಮೆದುಳೇ ಸರಿಯಾಗಿ ಬೆಳೆಯದ, ಬದುಕುವ ಆಸೆಯನ್ನೇ ಉಳಿಸದ ಅನೆನ್ಸೆಫಲಿ.

ಇದನ್ನು ಬಹುಪಾಲು ತಡೆಯಬಹುದು ಅಂತ 1991ರಲ್ಲೇ ಗೊತ್ತಾಗಿದೆ. ಮೊದಲು ಇಂಥ ಮಗು ಹುಟ್ಟಿದ್ದ ತಾಯಂದಿರ ಮೇಲೆ ನಡೆದ ಪ್ರಯೋಗದಲ್ಲಿ, ಗರ್ಭಕ್ಕೆ ಮೊದಲಿನಿಂದಲೇ ಫೋಲಿಕ್ ಆಸಿಡ್ ಕೊಟ್ಟಾಗ ತೊಂದರೆ ಮರುಕಳಿಸುವುದು ಶೇ. 72ರಷ್ಟು ಕಡಿಮೆಯಾಯಿತು. ಇಷ್ಟು ವರ್ಷದ ಮೇಲೂ ನಾವು ತಡವಾಗಿಯೇ ಕೊಡುತ್ತಿದ್ದೇವೆ ಅನ್ನುವುದು ನನಗೆ ನಿಜಕ್ಕೂ ಸಂಕಟದ ವಿಷಯ.

ಇನ್ನು ತೂಕ. ಇದರ ಬಗ್ಗೆ ಯಾರೂ ಸರಿಯಾಗಿ ಮಾತಾಡುವುದಿಲ್ಲ. ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಅಳತೆ) 30 ದಾಟಿದ ಮಹಿಳೆಯರಲ್ಲಿ ಈ ದೋಷದ ಅಪಾಯ ಜಾಸ್ತಿ, ತೂಕ ಏರಿದಷ್ಟೂ ಅದೂ ಏರುತ್ತದೆ, ಜೊತೆಗೆ ಸಕ್ಕರೆ ಕಾಯಿಲೆ ಇದ್ದರೆ ಇನ್ನೂ ಹೆಚ್ಚು. ಉಳಿದವರಷ್ಟೇ ಫೋಲಿಕ್ ಆಸಿಡ್ ತೆಗೆದುಕೊಂಡರೂ ತೂಕ ಹೆಚ್ಚಿರುವವರ ಸೀರಂನಲ್ಲಿ, ಅಂದರೆ ರಕ್ತದ ತಿಳಿ ಭಾಗದಲ್ಲಿ, ಫೋಲೇಟ್ ಕಡಿಮೆ ಕಾಣುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಸಾಮಾನ್ಯವಾಗಿ ಹೇಳುವುದು ದಿನಕ್ಕೆ 400 ಮೈಕ್ರೋಗ್ರಾಂ, ಮಗು ಬೇಕು ಅಂದುಕೊಂಡಾಗಿನಿಂದ 12 ವಾರದವರೆಗೆ. ಬ್ರಿಟನ್ನಿನ ಪ್ರಸೂತಿ ತಜ್ಞರ ಸಂಸ್ಥೆ 2018ರಲ್ಲಿ ಬಿಎಂಐ 30 ಮತ್ತು ಅದಕ್ಕಿಂತ ಮೇಲಿನವರಿಗೆ 5 ಮಿಲಿಗ್ರಾಂ ಹೇಳಿತ್ತು, ಗರ್ಭಕ್ಕೆ ಕನಿಷ್ಠ ಒಂದು ತಿಂಗಳು ಮೊದಲೇ. ಅದು ವೈದ್ಯರು ನೋಡಿ ಬರೆದುಕೊಡಬೇಕಾದ ಡೋಸ್, ಯಾಕೆಂದರೆ ಫೋಲಿಕ್ ಆಸಿಡ್ ಜಾಸ್ತಿಯಾದರೆ ವಿಟಮಿನ್ ಬಿ12 ಕೊರತೆಯ ರಕ್ತಹೀನತೆ ಮರೆಯಾಗಿ, ನರಗಳ ಹಾನಿ ಒಳಗೊಳಗೇ ಮುಂದುವರಿಯಬಹುದು.

ತೂಕ ಕಡಿಮೆ ಇರುವವರು ಸುರಕ್ಷಿತ ಅಂತಲೂ ಅಲ್ಲ. ಊಟವೇ ಸಾಲದವರಿಗೆ ಫೋಲೇಟ್ ಎಲ್ಲಿಂದ ಬರಬೇಕು?

ಆದರೆ ದಪ್ಪಗಿರುವ ಹೆಣ್ಣುಮಗಳು ಆಸ್ಪತ್ರೆಗೆ ಹೋದರೆ ಕೇಳಿಸುವುದು 'ಮೊದಲು ತೂಕ ಇಳಿಸಮ್ಮಾ' ಅನ್ನುವ ಒಂದೇ ಮಾತು. ತೂಕ ಇಳಿಯಲು ತಿಂಗಳುಗಳೇ ಬೇಕು, ಕೆಲವರಿಗೆ ವರ್ಷಗಳು, ಅಷ್ಟರೊಳಗೆ ಗರ್ಭ ನಿಂತರೆ ಏನು ಮಾಡಬೇಕು ಅಂತ ಯಾರೂ ಹೇಳುವುದಿಲ್ಲ. ಬೈಸಿಕೊಂಡವಳು ಮತ್ತೆ ಆ ಕಡೆ ತಲೆ ಹಾಕುವುದಿಲ್ಲ, ಅಲ್ವಾ? ತೂಕ ನೋಡಲೇಬೇಕು, ಆದರೆ ಸುಮ್ನೆ ಅವಮಾನ ಮಾಡಲು ಅಲ್ಲ, ಸರಿಯಾದ ಡೋಸ್ ಕೊಡಲು.

ಇನ್ನೊಂದು ಮಾತು. ಜಗತ್ತಿನಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಗರ್ಭಗಳು ಯೋಜಿಸದೆ ನಿಲ್ಲುತ್ತವೆ. ಅವರಿಗೆ ಮಾತ್ರೆ ಮುಂಚೆಯೇ ತಲುಪುವುದು ಕಷ್ಟ. ಅದಕ್ಕೇ ಅಮೆರಿಕ, ಕೆನಡಾ 1998ರಿಂದ ಹಿಟ್ಟಿಗೇ ಫೋಲಿಕ್ ಆಸಿಡ್ ಬೆರೆಸುವುದನ್ನು ಕಡ್ಡಾಯ ಮಾಡಿದವು, ಆಮೇಲೆ ಅಲ್ಲಿ ನರನಾಳದ ದೋಷಗಳು ಇಳಿದವು. 2023ರಲ್ಲಿ ವಿಶ್ವ ಆರೋಗ್ಯ ಸಭೆಯೂ ಇದರ ಪರವಾಗಿ ನಿರ್ಣಯ ಮಾಡಿದೆ. ಆದರೂ ತೂಕ ಹೆಚ್ಚಿರುವವರ ಅಪಾಯ ಹಿಟ್ಟಿನಿಂದಷ್ಟೇ ಹೋಗುವುದಿಲ್ಲ, ಅವರಿಗೆ ವೈದ್ಯರ ಸಲಹೆ ಬೇಕೇ ಬೇಕು.

ಹಾಗಾಗಿ ಕಡ್ಡಾಯದ ಆದೇಶ ಹೊರಡಿಸಿ. ಗರ್ಭನಿರೋಧಕ ಕೇಳಲು, ಮುಟ್ಟಿನ ತೊಂದರೆಗೆ, ಸಕ್ಕರೆ ತಪಾಸಣೆಗೆ, ಯಾವುದಕ್ಕೇ ಬಂದ ಮಹಿಳೆಗೂ ಫೋಲಿಕ್ ಆಸಿಡ್ ಬಗ್ಗೆ ಅಲ್ಲೇ ತಿಳಿಸಿ, ಎತ್ತರ ತೂಕ ನೋಡಿ, ಬೇಕಾದ ಡೋಸ್ ಅವತ್ತೇ ಕೈಗೆ ಕೊಡುವಂತೆ ನಿಮ್ಮ ಸಿಬ್ಬಂದಿಗೆ ಹೇಳಿ. ಈ ಬಜೆಟ್‌ನಲ್ಲೇ ಇದಕ್ಕೆ ಹಣ ಇಡುತ್ತೀರಾ? ನಿಮ್ಮ ಉತ್ತರಕ್ಕೆ ಕಾಯುತ್ತೇನೆ.

ಇಂತಿ,
ಒಬ್ಬ ಮತದಾರಳು