ಶುಂಠಿ ಬೆಳೆಯುವ ಊರಲ್ಲಿ ಒಳ್ಳೆ ಒಣಶುಂಠಿ ಸಿಗುತ್ತಿಲ್ಲ

ಮಾನ್ಯ ಸಂಪಾದಕರೇ,

ಹಸಿ ಶುಂಠಿ ದರ ಬಿದ್ದ ಸುದ್ದಿಯನ್ನು ನಿಮ್ಮ ಪತ್ರಿಕೆಯಲ್ಲಿ ಓದಿದೆ. ನಮ್ಮ ಮನೆಯಲ್ಲೂ ಒಂದೆಕರೆ ಶುಂಠಿ ಇದೆ. 2023ರಲ್ಲಿ 60 ಕೆಜಿ ಚೀಲಕ್ಕೆ ಹತ್ತು ಸಾವಿರ ದಾಟಿದ್ದು ನೋಡಿ ಊರಿಗೆ ಊರೇ ಶುಂಠಿ ಹಾಕಿತು. ಈಗ ನಮಗೆ ಕೀಳುವ ಕೂಲಿಯೂ ಹುಟ್ಟುತ್ತಿಲ್ಲ. ಆದರೆ ನಾನು ಬರೆಯಲು ಕೂತಿದ್ದು ಒಣಶುಂಠಿ ವಿಷಯಕ್ಕೆ.

ಕಳೆದ ಮಳೆಗಾಲದಲ್ಲಿ ಮಗಳ ಬಾಣಂತನ ಇಲ್ಲೇ ಆಯಿತು. ನಮ್ಮಲ್ಲಿ ಬಾಣಂತಿಗೆ ಮೊದಲ ತುತ್ತು ಬಿಸಿ ಅನ್ನ, ತುಪ್ಪ, ಒಣಶುಂಠಿ ಪುಡಿ, ಚಿಟಿಕೆ ಉಪ್ಪು. ಡಬ್ಬಿ ಖಾಲಿಯಾಗಿತ್ತು. ಪೇಟೆಯಿಂದ ಕಾಲು ಕೆಜಿ ತರಿಸಿದೆ. ಬೆಳ್ಳಗೆ, ನೋಡಲು ಚೆಂದ. ಮುಟ್ಟಿದರೆ ಕೈಗೆಲ್ಲ ಬಿಳಿ ಪುಡಿ. ನೀರಿಗೆ ಹಾಕಿದೆ, ನೀರು ಹಾಲಿನ ಹಾಗಾಯಿತು. ಸುಣ್ಣ! ಒಂದು ಗೆಡ್ಡೆ ಮುರಿದು ನೋಡಿದರೆ ಒಳಗೆ ಹುಳ ಕೊರೆದ ತೂತು. ಹಸಿ ಬಾಣಂತಿಗೆ ಅದನ್ನು ಹೇಗೆ ಕೊಡಲಿ? ಪಕ್ಕದ ಮನೆಯ ಅಜ್ಜಿ ಹತ್ತಿರ ನಾಲ್ಕು ತುಂಡು ಕೇಳಿ ತಂದೆ.

ಬಿಳಿ ಬಣ್ಣ ಬರಲಿ, ಹುಳ ಹಿಡಿಯದಿರಲಿ ಅಂತ ಶುಂಠಿಯನ್ನು ಸುಣ್ಣದ ನೀರಲ್ಲಿ ಅದ್ದುವುದು ವ್ಯಾಪಾರದಲ್ಲಿ ಹಳೆಯ ರೂಢಿ. ಅದಕ್ಕೆ ಕಾನೂನಿನಲ್ಲಿ ಮಿತಿಯೂ ಇದೆ. ಆದರೆ ಬಿಡಿಯಾಗಿ ತೂಗಿ ಕೊಡುವಾಗ ಇದು ಸುಣ್ಣದ್ದು, ಇದು ಅಲ್ಲ ಅಂತ ಹೇಳಬೇಕಲ್ವಾ? ಅದನ್ನು ಕಡ್ಡಾಯ ಮಾಡಲಿ.

ನಮ್ಮತ್ತೆ ಇದ್ದಾಗ ಅಂಗಡಿಯ ಒಣಶುಂಠಿ ಮನೆಯೊಳಗೆ ಬಂದಿದ್ದೇ ಇಲ್ಲ. ಗಿಡ ಒಣಗಿ ಮಲಗಿದ ಮೇಲೆ, ಜನವರಿಯಲ್ಲಿ, ಬಲಿತ ಗೆಡ್ಡೆ ಕೀಳಿಸುತ್ತಿದ್ದರು. ರಾತ್ರಿ ನೆನೆಹಾಕಿ ಬೆಳಿಗ್ಗೆ ಬಿದಿರಿನ ಚೂಪು ಚಕ್ಕೆಯಿಂದ ಸಿಪ್ಪೆ ಹೆರೆಯುವುದು. ಚಾಕು ಮುಟ್ಟಿಸುವಂತಿಲ್ಲ, ಕಬ್ಬಿಣ ತಾಗಿದರೆ ಕಪ್ಪಾಗುತ್ತದೆ. ನಾನು ಆಳವಾಗಿ ಹೆರೆದರೆ, "ಘಮ ಇರೋದೇ ಸಿಪ್ಪೆ ಬುಡದಲ್ಲಿ ಕಣೇ" ಅಂತ ಕೈ ಹಿಡಿಯುತ್ತಿದ್ದರು. ನಿಜವೇ, ಶುಂಠಿಯ ಎಣ್ಣೆ ಜಾಸ್ತಿ ಇರುವುದು ಸಿಪ್ಪೆಗೆ ತಾಗಿದ ಭಾಗದಲ್ಲಿ. ಆಮೇಲೆ ಎಂಟು ಹತ್ತು ದಿನ ಬಿಸಿಲು. ಇಬ್ಬನಿ ಬೀಳುವ ಮೊದಲು ಒಳಗೆ ತರಬೇಕು. ಮುರಿದರೆ ಟಕ್ ಅನ್ನಬೇಕು. ಕೊನೆಗೆ ಗೋಣಿಚೀಲಕ್ಕೆ ಹಾಕಿ ತಿಕ್ಕಿದರೆ ಉಳಿದ ಸಿಪ್ಪೆಯೂ ಉದುರುತ್ತಿತ್ತು. ಬಣ್ಣ ತಿಳಿ ಕಂದು, ಬಿಳಿ ಅಲ್ಲ. ವರ್ಷವಿಡೀ ಕಷಾಯಕ್ಕೆ, ರಾಮನವಮಿಯ ಪಾನಕಕ್ಕೆ, ತಲೆನೋವು ಬಂದರೆ ತೇಯ್ದು ಹಣೆಗೆ ಹಚ್ಚಲು ಅದೇ. ಹಸಿಯದಕ್ಕಿಂತ ಅದರ ಖಾರ ಬೇರೆ. ಒಣಗುವಾಗ ಜಿಂಜರಾಲ್ ಅನ್ನುವ ಅಂಶ ಇನ್ನೂ ಖಾರದ ಶೋಗಾಲ್ ಆಗುತ್ತದೆ ಅಂತ ಕೃಷಿ ಓದಿದ ಮಗ ಹೇಳಿದ.

ಹಾಗಾದರೆ ಬಿಟ್ಟಿದ್ದು ಯಾಕೆ? ಆ ಹೊತ್ತಿಗೆ ಅಂಗಳದ ತುಂಬ ಅಡಿಕೆ. ಹೆರೆಯಲು ಜನ ಇಲ್ಲ. ಐದು ಕೆಜಿ ಹಸಿ ಒಣಗಿಸಿದರೆ ಸಿಗುವುದು ಒಂದೇ ಕೆಜಿ. ಈಗ ಎಲ್ಲರೂ ಹಾಕುವ ರಿಗೋಡಿ ನೀರು ಜಾಸ್ತಿ ಇರುವ ತಳಿ, ಅದರಲ್ಲಿ ಇನ್ನೂ ಕಡಿಮೆ. ಕಲ್ಲಿಕೋಟೆಯ ಸಂಬಾರ ಬೆಳೆಗಳ ಸಂಶೋಧನಾ ಸಂಸ್ಥೆಯವರು ಕೊಟ್ಟ ವರದ, ಮಹಿಮ ತಳಿಗಳಲ್ಲಿ ನೂರು ಕೆಜಿಗೆ 20ರಿಂದ 23 ಕೆಜಿ ಒಣಶುಂಠಿ ಬರುತ್ತದೆ. ಆ ಬೀಜ ನಮ್ಮ ಕಡೆ ಸುಲಭಕ್ಕೆ ಸಿಗುವ ಹಾಗೆ ತೋಟಗಾರಿಕೆ ಇಲಾಖೆ ಮಾಡಬೇಕು.

ಇನ್ನೊಂದು ಮಾತು ಸೊಸೈಟಿಯವರಿಗೆ. ಅಡಿಕೆ ಡ್ರೈಯರ್ ಇದ್ದವರು ಸುಗ್ಗಿ ಮುಗಿದ ಮೇಲೆ ಅದನ್ನು ಬಾಡಿಗೆಗೆ ಶುಂಠಿಗೂ ಬಿಟ್ಟುಕೊಡಿ. ಹಸಿ ಶುಂಠಿಯನ್ನು ನೆಲದಲ್ಲೇ ಬಿಟ್ಟರೆ ಕೊಳೆಯ ಭಯ, ಕಿತ್ತರೆ ಬಂದ ದರಕ್ಕೆ ಕೊಡಬೇಕು. ಒಣಗಿಸಿದ್ದನ್ನು ಕೆಲವು ತಿಂಗಳು ಇಟ್ಟು ಕಾಯಬಹುದು. ಕೊಚ್ಚಿನ್ ಜಿಂಜರ್ ಅಂತ ಕೇರಳದವರು ಹೊರದೇಶಕ್ಕೆ ಹೆಸರು ಮಾಡಿದ್ದೇ ಒಣಗಿಸಿ. ನಾವು ಚೀಲಗಟ್ಟಲೆ ಹಸಿ ಕಳಿಸುತ್ತೇವೆ, ನೈಜೀರಿಯಾದ ಒಣಶುಂಠಿ ನಮ್ಮ ದೇಶಕ್ಕೆ ಬರುತ್ತದೆ. ಇದು ನನಗೆ ತುಂಬಾ ನೋವಿನ ವಿಷಯ.

ಈ ಸಲ ನಾವು ಎರಡು ಕ್ವಿಂಟಾಲ್ ಮಾರದೆ ಉಳಿಸಿಕೊಂಡಿದ್ದೇವೆ. ತಾರಸಿ ಮೇಲೆ ಒಣಗಿಸುತ್ತೇವೆ. ಯಾವ ಸ್ತ್ರೀಶಕ್ತಿ ಸಂಘದವರು ಕರೆದರೂ ಚಕ್ಕೆ ಹಿಡಿದು ಹೆರೆಯುವುದನ್ನು ಹೇಳಿಕೊಡಲು ನಾನು ಬರುತ್ತೇನೆ.

— ಒಬ್ಬ ರೈತ ಮಹಿಳೆ, ಸೊರಬ ತಾಲ್ಲೂಕು