ಗಾಳ ಬೇಡ, ಬಲೆ ಬೇಕೇ?

ಮಾನ್ಯರೇ,

ಕೆರೆಗೆ ಮೀನುಮರಿ ಬಿತ್ತನೆ ಮಾಡಿದ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಮೊನ್ನೆ ಬಂದ ವರದಿಯನ್ನೂ ಫೋಟೊವನ್ನೂ ನೋಡಿದೆ. ಮರಿ ತುಂಬಿದ ಒಂದು ಪ್ಲಾಸ್ಟಿಕ್ ಚೀಲ, ಅದಕ್ಕೆ ಕೈ ಹಚ್ಚಿದ ಅಷ್ಟೂ ಗಣ್ಯರು. ಒಬ್ಬರ ಕಣ್ಣೂ ನೀರಿನ ಕಡೆ ಇಲ್ಲ. ಇನ್ನು ಮುಂದೆ ಕೆರೆಯಲ್ಲಿ ಮೀನೇ ಮೀನು ಎಂಬ ಭರವಸೆಯನ್ನೂ ಓದಿದೆ. ಅದನ್ನು ನಂಬಿ ಅಲ್ಲ, ರಜೆ ಇತ್ತೆಂದು ನಿನ್ನೆ ನಸುಕಿನಲ್ಲೇ ಗಾಳ, ಎರೆಹುಳದ ಡಬ್ಬಿ ಹಿಡಿದು ಹೊರಟೆ. ಗೇಟಿನ ಮೇಲೆ ಹೊಸ ಬೋರ್ಡು: ‘ಗಾಳ ಹಾಕುವುದನ್ನು ನಿಷೇಧಿಸಲಾಗಿದೆ’. ಬಣ್ಣ ಇನ್ನೂ ಹಸಿ. ಅದು ನನ್ನ ಅಂಗಿಯ ತೋಳಿಗೆ ಹತ್ತಿದ್ದು ಸೀಮೆಎಣ್ಣೆ ಹಾಕಿ ಉಜ್ಜಿದರೂ ಹೋಗಿಲ್ಲ.

ಕಾವಲುಗಾರ ಪಾಪದ ಮನುಷ್ಯ. ‘ಮೇಲಿಂದ ಆರ್ಡರ್ ಸಾರ್, ಮರಿ ಬೆಳೀಬೇಕಂತೆ’ ಎಂದ. ಸರಿ, ಕಚೇರಿಗೆ ಕೇಳೋಣವೆಂದರೆ ಬೋರ್ಡಿನ ಕೆಳಗೆ ಬರೆದಿದ್ದ ನಂಬರಿನಲ್ಲಿ ಒಂದು ಅಂಕಿ ಕಡಿಮೆ! ಹೊತ್ತೇರಿದ ಮೇಲೆ ಕಚೇರಿಗೇ ಹೋದೆ. ‘ಸಾಹೇಬ್ರು ಮೀಟಿಂಗ್‌ನಲ್ಲಿದ್ದಾರೆ, ಅರ್ಜಿ ಬರೆದುಕೊಟ್ಟು ಹೋಗಿ’ ಎಂದರು. ಅರ್ಜಿಯ ನಮೂನೆ ಕೇಳಿದರೆ ಅದು ಖಾಲಿಯಾಗಿದೆಯಂತೆ. ಬಿಸಿಲಿಗೆ ಇಟ್ಟ ಸ್ಕೂಟರಿನ ಸೀಟು ಕಾದು, ಡಬ್ಬಿಯೊಳಗಿನ ಹುಳಗಳೂ ಸತ್ತವು. ರಜೆ ಹೀಗೆ ಮುಗಿಯಿತು.

ಇಷ್ಟಕ್ಕೇ ಆಗಿದ್ದರೆ ಸುಮ್ಮನಿರುತ್ತಿದ್ದೆ. ಆದರೆ ನಾನು ಗೇಟಿನ ಹೊರಗೆ ನಿಂತು ಬೋರ್ಡು ಓದುತ್ತಿದ್ದಾಗಲೇ ಒಳಗೆ ಗುತ್ತಿಗೆದಾರರ ತೆಪ್ಪ ಬಲೆ ಎಳೆಯುತ್ತಿತ್ತು. ಬಲೆಯ ಕಣ್ಣಿನಲ್ಲಿ ಕಿರುಬೆರಳು ತೂರುವುದೂ ಕಷ್ಟ. ಮೊನ್ನೆ ಬಿಟ್ಟ ಮರಿ ನಿನ್ನೆ ಆ ಬಲೆಯಲ್ಲಿ ಒದ್ದಾಡುತ್ತಿತ್ತು. ಒಂದು ಕೊಕ್ಕೆಗೆ ಒಂದು ಮೀನು ಹಿಡಿಯುವ, ಚಿಕ್ಕದಾದರೆ ಬಿಡಿಸಿ ವಾಪಸು ನೀರಿಗೆ ಬಿಡುವ ನಮ್ಮಿಂದ ಮರಿಗಳಿಗೆ ಅಪಾಯ. ಇಡೀ ಮೂಲೆಯನ್ನೇ ಬಾಚಿಕೊಂಡು ಹೋಗುವ ಬಲೆಯೇ ಅವಕ್ಕೆ ರಕ್ಷಣೆ! ಈ ಜಾಣತನ ಯಾರದ್ದೋ ಅವರಿಗೂ ಒಂದು ಶಾಲು ಹೊದಿಸಬೇಕಿತ್ತು.

ಬಲೆಗೆ ಸಿಗದ ಮರಿಗಳ ಗತಿಯನ್ನೂ ಹೇಳುತ್ತೇನೆ. ವೇದಿಕೆ ಹಾಕಿದ್ದ ಮೆಟ್ಟಿಲಿನ ಹತ್ತಿರ ಬೇಲಿಯಾಚೆಯಿಂದಲೇ ಕಾಣುತ್ತಿತ್ತು: ಅಂಚಿನ ನೊರೆಯಲ್ಲಿ ಬೆಳ್ಳಗೆ ಹೊಟ್ಟೆ ಮೇಲಾದ ಮರಿಗಳು, ಒಂದೊಂದೂ ಬೆರಳಿನ ಒಂದು ಗೆಣ್ಣಿನಷ್ಟು. ಭಾಷಣಗಳೆಲ್ಲ ಮುಗಿದು, ನಡುಮಧ್ಯಾಹ್ನ, ಬಿಸಿಲಿಗೆ ಇಟ್ಟಿದ್ದ ಚೀಲದ ಬಾಯಿ ಬಿಚ್ಚಿ ಸುರಿದರೆ ಇನ್ನೇನಾಗುತ್ತದೆ? ಚೀಲವನ್ನು ಬಾಯಿ ಕಟ್ಟಿಯೇ 15-20 ನಿಮಿಷ ಕೆರೆಯ ನೀರಿನಲ್ಲಿ ತೇಲಿಬಿಡಬೇಕು, ಆಮೇಲೆ ಕೆರೆ ನೀರನ್ನು ಸ್ವಲ್ಪಸ್ವಲ್ಪವೇ ಒಳಗೆ ಬಿಟ್ಟು, ಮರಿಗಳು ತಾವಾಗಿಯೇ ಈಜಿ ಹೋಗಲು ಬಿಡಬೇಕು. ಅದೂ ಬೆಳಿಗ್ಗೆ ಅಥವಾ ಸಂಜೆ, ತಂಪು ಹೊತ್ತಿನಲ್ಲಿ. ಮೀನು ಸಾಕುವ ಯಾರನ್ನು ಕೇಳಿದರೂ ಹೇಳುತ್ತಾರೆ. ಈ ಕೆರೆಯಲ್ಲಿ ಮರಿ ನುಂಗುವ ಕೊರವ ಮೀನು ಇರುವುದು ಎಲ್ಲರಿಗೂ ಗೊತ್ತು. ಅಂಥ ಕಡೆ ಕನಿಷ್ಠ ನಾಲ್ಕು ಅಂಗುಲ ಬಲಿತ ಮರಿ ಬಿಡಬೇಕು. ಗೆಣ್ಣಿನಷ್ಟರ ಮರಿ ಬಿಡುವುದೆಂದರೆ ಕೊರವಕ್ಕೆ ಸರ್ಕಾರಿ ಖರ್ಚಿನಲ್ಲಿ ಊಟ ಹಾಕಿದಂತೆ.

ಕೆರೆಗೆ ಬಿಡುವ ಕಾಟ್ಲಾ, ರೋಹು, ಮೃಗಾಲ್ ಇವು ನದಿಯ ಮೀನುಗಳು. ಮಳೆಗಾಲದ ಹರಿವು ಸಿಕ್ಕರೆ ಮೊಟ್ಟೆಯಿಡುತ್ತವೆ, ನಿಂತ ನೀರಿನಲ್ಲಿ ಬೆಳೆಯುತ್ತವೆಯೇ ಹೊರತು ಸಂತಾನ ಮಾಡುವುದಿಲ್ಲ. ಅದಕ್ಕೇ ಹಾರ್ಮೋನ್ ಚುಚ್ಚಿ ಮೊಟ್ಟೆ ಇಡಿಸುವ ವಿದ್ಯೆ ಬಂದದ್ದು. 1957ರ ಜುಲೈ 10ರಂದು ಮೀನು ವಿಜ್ಞಾನಿ ಹೀರಾಲಾಲ್ ಚೌಧುರಿ ಮತ್ತು ಅವರ ಜೊತೆಗಾರರು ಅದನ್ನು ಸಾಧಿಸಿದರೆಂದೇ ಆ ದಿನವನ್ನು ಮೀನು ಕೃಷಿಕರ ದಿನವಾಗಿ ಆಚರಿಸುತ್ತೇವೆ. ಆಚರಣೆಯಲ್ಲಿ ಮಾತ್ರ ನಮ್ಮವರು ಹಿಂದೆ ಬಿದ್ದವರಲ್ಲ. ಈ ಮೂರು ಜಾತಿಯ ಮಟ್ಟಿಗೆ ಬಿಟ್ಟ ಮರಿ ಸತ್ತರೆ ಕೆರೆಯಲ್ಲಿ ಆ ಮೀನು ಇಲ್ಲ, ಅಷ್ಟೇ ಲೆಕ್ಕ. ವರದಿಯಲ್ಲಿ ‘ಲಕ್ಷಾಂತರ’ ಎಂದಿದೆ. ಎಣಿಸಿದವರು ಯಾರು ಸ್ವಾಮಿ?

ಹಾಗಾದರೆ ಕೆರೆಯಲ್ಲಿ ಇರುವುದೇನು? ಜಿಲೇಬಿ. ಅದೇ, ತಿಲಾಪಿಯಾ. ಅದಕ್ಕೆ ಹರಿವೂ ಬೇಡ, ಹಾರ್ಮೋನೂ ಬೇಡ. ತಾಯಿ ಮೊಟ್ಟೆಯನ್ನೂ ಮರಿಯನ್ನೂ ಬಾಯಲ್ಲೇ ಇಟ್ಟುಕೊಂಡು ಕಾಯುತ್ತದೆ. ಕೆಲವೇ ತಿಂಗಳಿಗೆ ಮರಿಯೂ ತಾಯಾಗುತ್ತದೆ. ಸಂಖ್ಯೆ ಮಿತಿಮೀರಿದಾಗ ಮೇವು ಸಾಲದೆ ಎಲ್ಲವೂ ಅಂಗೈಯಷ್ಟಕ್ಕೇ ಕುಗ್ಗಿ ನಿಲ್ಲುತ್ತವೆ, ಆದರೂ ಮೊಟ್ಟೆ ಇಡುವುದು ನಿಲ್ಲಿಸುವುದಿಲ್ಲ. ಇತ್ತೀಚೆಗೆ ಇಲ್ಲಿ ಗಾಳಕ್ಕೆ ಬೀಳುವುದೆಲ್ಲ ಅದೇ, ಎಲ್ಲವೂ ಒಂದೇ ಅಳತೆಯವು. ಬೆಂಡು ಮುಳುಗುವ ರೀತಿ ನೋಡಿಯೇ ಹೇಳಬಹುದು, ಟುಕುಟುಕು ಎಂದು ಕುಟುಕುತ್ತಿದ್ದರೆ ಜಿಲೇಬಿ. ದಾರವನ್ನು ಒಂದೇ ಸಮ ಎಳೆದುಕೊಂಡು ಹೋಗುವ ಗೆಂಡೆಯನ್ನು ನೋಡಿ ಎಷ್ಟು ಕಾಲವಾಯಿತೋ. ಕೆರೆಯೊಳಗೆ ಯಾವ ಮೀನು ಹೆಚ್ಚಿದೆ, ಯಾವುದು ಮಾಯವಾಗಿದೆ ಎಂದು ಸಂಬಳವಿಲ್ಲದೆ ತಿಳಿದುಕೊಂಡಿರುವವರು ಗಾಳ ಹಾಕುವವರು. ಅವರನ್ನೇ ಹೊರಗಿಟ್ಟರು.

ಸಾಮಾನ್ಯ ಗೆಂಡೆ ನಿಂತ ನೀರಿನಲ್ಲೂ ಮೊಟ್ಟೆಯಿಡುತ್ತದೆ. ಅದರ ಮೊಟ್ಟೆ ಅಂಟು, ಅಂಚಿನ ಜೊಂಡಿಗೆ, ಹುಲ್ಲಿಗೆ ಹತ್ತಿಕೊಳ್ಳಬೇಕು. ಆ ಜೊಂಡನ್ನೆಲ್ಲ ‘ಸುಂದರೀಕರಣ’ದ ಹೆಸರಲ್ಲಿ ಕಿತ್ತು, ಸುತ್ತ ಕಲ್ಲು ಕಟ್ಟಿದವರು ಯಾರು? ಆಗಲೂ ಇದೇ ಪತ್ರಿಕೆಗೆ ಬರೆದಿದ್ದೆ, ನೀವು ಹಾಕಲಿಲ್ಲ. ಇರಲಿ. ಕಲ್ಲಿನ ಮೇಲೆ ಕೂರಿಸಿದ ಬೆಂಚುಗಳಲ್ಲಿ ಅರ್ಧ ಮುರಿದಿವೆ, ಶೌಚಾಲಯಕ್ಕೆ ಉದ್ಘಾಟನೆಯಾದಾಗಿನಿಂದ ಬೀಗ.

ಬಣ್ಣದ ದೀಪದ ಕಾರಂಜಿಯ ವಿಷಯ ಹೇಳದಿದ್ದರೆ ತಪ್ಪಾದೀತು. ನೀರಿಗೆ ಆಮ್ಲಜನಕ ಬೆರೆಸಲೆಂದೇ ಅದನ್ನು ಹಾಕಿಸಿದ್ದು ಎಂದಿದ್ದರು. ಹಗಲೆಲ್ಲ ಪಾಚಿ ಆಮ್ಲಜನಕ ಬಿಡುತ್ತದೆ, ಆದ್ದರಿಂದ ಸಂಜೆಗೆ ನೀರಿನಲ್ಲಿ ಅದು ಧಾರಾಳವಾಗಿರುತ್ತದೆ. ರಾತ್ರಿಯಿಡೀ ಅದೇ ಪಾಚಿ, ಕೆಸರು, ಮೀನು ಎಲ್ಲ ಸೇರಿ ಬಳಸಿ, ಬೆಳಗಿನ ಜಾವಕ್ಕೆ ಆಮ್ಲಜನಕದ ಮಟ್ಟ ತೀರಾ ಇಳಿದಿರುತ್ತದೆ. ಮೀನುಗಳು ಮೇಲೆ ಬಂದು ಬಾಯಿ ತೆರೆದು ಉಸಿರಿಗೆ ಒದ್ದಾಡುವುದು ಆಗಲೇ. ನಮ್ಮ ಕಾರಂಜಿ ಸಂಜೆ ಆರಕ್ಕೆ ಶುರುವಾಗಿ ಎಂಟಕ್ಕೆ ನಿಲ್ಲುತ್ತದೆ. ವಾಕಿಂಗ್ ಮಾಡುವವರಿಗೆ ಆಮ್ಲಜನಕ ಕಡಿಮೆಯಾಗಬಾರದಲ್ಲ!

ಆದ್ದರಿಂದ ಸಂಬಂಧಪಟ್ಟವರು ಆ ಬೋರ್ಡನ್ನು ಕೂಡಲೇ ತೆಗೆಸಬೇಕು. ತೆಗೆಸದಿದ್ದರೆ ಅದೇ ಬೋರ್ಡಿನಲ್ಲಿ ಗಾಳದ ಪಕ್ಕ ಬಲೆ ಎಂದೂ ಬರೆಸಲಿ. ಮರಿ ಬಿಡುವುದಾದರೆ ಬಲಿತದ್ದನ್ನು ಬಿಡಲಿ, ಇಲ್ಲವೇ ಬಿಡುವ ನಾಟಕವನ್ನೇ ಬಿಡಲಿ. ಕಾರಂಜಿಯನ್ನು ನಸುಕಿನಲ್ಲಿ ಓಡಿಸಲಿ, ಅಥವಾ ಏನಾದರೂ ಮಾಡಲಿ. ಏನೂ ಮಾಡಲಾಗದಿದ್ದರೆ ಆ ಫೋನ್ ನಂಬರಿಗೆ ಬಿಟ್ಟುಹೋದ ಒಂದು ಅಂಕಿಯನ್ನಾದರೂ ಸೇರಿಸಲಿ, ಬೈಯಲಿಕ್ಕಾದರೂ ಆಗುತ್ತದೆ.

– ನೊಂದ ಗಾಳಗಾರ